ತಿಂಡಿ ಆದ ಮೇಲೆ ಓದು, ಬೇಳೆ ಇಡೋವಾಗ ಲೆಕ್ಕ: ಮನೆಯಲ್ಲೇ ಕಲಿಯೋ ಪುಟ್ಟ ಮಕ್ಕಳ ಒಂದು ದಿನ

[ದೃಶ್ಯ: ಅಡುಗೆಮನೆ ಬಾಗಿಲ ಪಕ್ಕ ಚಾಪೆ. ಮೇಲೆ ಸ್ಲೇಟು, ಬಳಪ, ನಾಲ್ಕು ಕವಡೆ.]

ನಮಸ್ಕಾರ. ಮನೆಯಲ್ಲಿ ಆರು ವರ್ಷದ್ದೊಂದು, ನಾಲ್ಕು ವರ್ಷದ್ದೊಂದು ಮಗು. ಸದ್ಯಕ್ಕೆ ಇಬ್ಬರಿಗೂ ಮನೆಯಲ್ಲೇ ಪಾಠ ಅಂತ ತೀರ್ಮಾನ ಆಗಿದೆ. ಇಂಥ ಮನೆಗಳಲ್ಲಿ ಮೊದಲ ಸೋಮವಾರ ಸಾಮಾನ್ಯವಾಗಿ ಒಂದು ಟೈಮ್‌ಟೇಬಲ್ ಗೋಡೆ ಏರುತ್ತೆ. 9ಕ್ಕೆ ಕನ್ನಡ, 9.40ಕ್ಕೆ ಗಣಿತ, 10.20ಕ್ಕೆ ಇಂಗ್ಲಿಷ್. ಆದ್ರೆ 9 ಗಂಟೆಗೆ ಸರಿಯಾಗಿ ಕುಕ್ಕರ್ ಕೂಗುತ್ತೆ, ಹಾಲಿನವರು ದುಡ್ಡಿಗೆ ಬರ್ತಾರೆ, ಚಿಕ್ಕದು ಬಚ್ಚಲಿನಿಂದ "ಅಮ್ಮಾ, ಆಯ್ತೂ" ಅಂತ ಕೂಗುತ್ತೆ. ಗುರುವಾರದ ಹೊತ್ತಿಗೆ ಆ ಹಾಳೆಯನ್ನ ಯಾರೂ ನೋಡ್ತಿರಲ್ಲ.

ತಪ್ಪು ಹಾಳೆಯದ್ದಲ್ಲ, ಗಡಿಯಾರದ್ದು. ಮನೆ ನಡೆಯೋದು ಗಂಟೆ ನೋಡ್ಕೊಂಡು ಅಲ್ಲ, ಒಂದು ಕೆಲಸದ ಬೆನ್ನಿಗೆ ಇನ್ನೊಂದು ಕೆಲಸ. ಪಾಠವನ್ನೂ ಅದೇ ಸಾಲಿಗೆ ಸೇರಿಸಿ. ತಿಂಡಿ ತಟ್ಟೆ ಎತ್ತಿದ ಮೇಲೆ ಓದು. ಸಾರಿಗೆ ಬೇಳೆ ಇಡೋವಾಗ ಲೆಕ್ಕ. ಊಟ ಆದ ಮೇಲೆ ಕತೆ. ತಿಂಡಿ ಎಂಟಕ್ಕಾಗ್ಲಿ, ಒಂಬತ್ತೂವರೆಗಾಗ್ಲಿ, ಕ್ರಮ ತಪ್ಪಲ್ಲ. ನೆಂಟರು ಬಂದ ದಿನವೂ ಬೇಳೆಯಂತೂ ಬೇಯಲೇಬೇಕಲ್ಲ.

ಎಷ್ಟು ಹೊತ್ತು ಕೂರಿಸಬೇಕು? ಆರು ವರ್ಷದವರಿಗೆ ಪುಸ್ತಕ, ಪೆನ್ಸಿಲ್ ಹಿಡಿದು ಇಪ್ಪತ್ತು ನಿಮಿಷದಂತೆ ದಿನಕ್ಕೆ ಎರಡು ಸಲ ಸಾಕು. ನಾಲ್ಕು ವರ್ಷದವರಿಗೆ ಕೂರಿಸಿ ಬರೆಸೋದು ಬೇಡವೇ ಬೇಡ. "ಇಷ್ಟೇನಾ?" ಅಂತ ಅಜ್ಜಿ ಕೇಳ್ತಾರೆ. ಮೂವತ್ತು ಮಕ್ಕಳಿರೋ ತರಗತಿಯಲ್ಲಿ ನಲವತ್ತು ನಿಮಿಷದ ಪೀರಿಯಡ್ ಅಂದ್ರೆ ಹಾಜರಿ, ಗಲಾಟೆ ನಿಲ್ಲಿಸೋದು, ಪುಸ್ತಕ ತೆಗೆಸೋದು ಎಲ್ಲ ಸೇರಿ. ಒಂದೇ ಮಗು ಎದುರಿಗಿದ್ದಾಗ ಅದ್ಯಾವುದೂ ಇಲ್ಲ. ಇನ್ನು ನಿಲ್ಲಿಸೋ ಹೊತ್ತು ಯಾವುದು ಅಂತ ಮಗುವೇ ಹೇಳುತ್ತೆ: ಎರಡನೇ ಸಲ ನೀರು ಕೇಳಿದ್ರೆ, ಚೂಪಾಗಿರೋ ಪೆನ್ಸಿಲ್ ಮತ್ತೆ ಮೆಂಡರ್ ಒಳಗೆ ಹೋದ್ರೆ, ಪುಸ್ತಕ ಮುಚ್ಚಿ. ಇನ್ನೂ ಐದು ನಿಮಿಷ ಎಳೆದ್ರೆ ನಾಳೆ ಚಾಪೆ ಕಂಡ ಕೂಡಲೇ ಮಗು ಮಂಚದ ಕೆಳಗೆ.

[ದೃಶ್ಯ: ಹಳೆ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದ ಅಕ್ಷರಗಳು: ರ, ಗ, ಸ, ದ, ಅ.]

ಈಗ ಓದು. ಅ ಆ ಇ ಈ ಇಂದ ಶುರು ಮಾಡೋದು ಎಲ್ಲರ ಅಭ್ಯಾಸ. ಮಗು ಒಂದೇ ಉಸಿರಲ್ಲಿ ವರ್ಣಮಾಲೆ ಒಪ್ಪಿಸುತ್ತೆ, ಮನೆಯವರು ಚಪ್ಪಾಳೆ ತಟ್ತಾರೆ. ಆಮೇಲೆ 'ಗ' ಒಂದನ್ನೇ ತೋರಿಸಿ, ಬಹಳಷ್ಟು ಮಕ್ಕಳು 'ಕ'ದಿಂದ ಹಾಡ್ಕೊಂಡು ಬಂದು ಹೇಳ್ತಾರೆ. ಅದು ಹಾಡು ಗೊತ್ತಿರೋದು, ಅಕ್ಷರ ಗೊತ್ತಿರೋದಲ್ಲ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಈ ವಿಷಯದಲ್ಲಿ ಜಾಣತನ ತೋರಿಸಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಅವರವರ ಮೆಟ್ಟಿಲಲ್ಲಿ ಅವರವರು ಕಲೀತಾರೆ. ಇಬ್ಬರು ಮಕ್ಕಳಿರೋ ಮನೆಯದ್ದೂ ಇದೇ ಕತೆ. ನಲಿ-ಕಲಿಯಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಕಾಗುಣಿತ ಇಲ್ಲ, ಒತ್ತು ಇಲ್ಲ, ಐದು ಬಂದ ಕೂಡಲೇ ಪದಗಳು ಸಿದ್ಧ: ಸರ, ರಸ, ದರ, ಅರಸ, ಅಗಸ, ಗರಗಸ. ಆರು ವರ್ಷದ ಮಗು 'ಗರಗಸ' ಅಂತ ತಾನೇ ಕೂಡಿಸಿ ಓದೋದಕ್ಕೂ, ಬಡಗಿಯ ಗರಗಸ ನೆನೆಸಿಕೊಂಡು ನಗೋದಕ್ಕೂ ನಡುವೆ ಅರೆಗಳಿಗೆ ಅಂತರ ಇರುತ್ತೆ. ಆ ಅರೆಗಳಿಗೆ ಸುಮ್ಮನಿರಿ, ನೀವು ಹೇಳಿಬಿಡಬೇಡಿ.

ಲಗ್ನಪತ್ರಿಕೆ ರಟ್ಟನ್ನ ಮೂರು ಅಂಗುಲದ ಚೌಕ ಮಾಡಿ ಕತ್ತರಿಸಿ. ಒಂದೊಂದು ಅಕ್ಷರಕ್ಕೆ ಎರಡೆರಡು ಕಾರ್ಡು. ಗರಗಸಕ್ಕೆ ಎರಡು 'ಗ' ಬೇಕಲ್ಲ. ಐದೂ ಕಲಸಿ ತೋರಿಸಿದ್ರೂ ತಡವರಿಸದೆ ಗುರುತಿಸಿದ ಮೇಲೆ ಮುಂದಿನ ಐದು: ಜ, ವ, ಮ, ಬ, ನ. ಹಳೆಯ ಐದನ್ನೂ ಜೊತೆಗಿಡಿ. ಮರ, ಜನ, ದನ, ಬಸವ, ನಗರ.

ಮುಂದೆ ಕಾಗುಣಿತಕ್ಕೆ ಬಂದಾಗ ಒಂದು ಎಡವಟ್ಟು ಖಾತ್ರಿ: 'ಮ' ಮತ್ತು 'ವು'. ಎರಡೂ ನೋಡೋಕೆ ಅಣ್ಣತಮ್ಮಂದಿರು. 'ಹಾವು' ಅನ್ನೋದನ್ನ ಮಗು 'ಹಾಮ' ಅಂತ ಓದಿದ್ರೆ ಅದು ಅಲಕ್ಷ್ಯ ಅಲ್ಲ. ಎರಡನ್ನೂ ಒಂದೇ ದಿನ ಕಲಿಸಬೇಡಿ. ಆಮೇಲೆ ಪದಗಳಲ್ಲೇ ತೋರಿಸಿ: ಹಾವು, ಮಾವು, ಬೇವು, ಹೂವು. ಈ 'ವು' ಸಾಮಾನ್ಯವಾಗಿ ಪದದ ಬಾಲದಲ್ಲಿ ಬರುತ್ತೆ. ಮರ, ಮನೆ, ಮಳೆಯಲ್ಲಿ 'ಮ' ಮುಂದೆ ನಿಂತಿರುತ್ತೆ.

ಅಕ್ಕ ಬರೀತಾ ಇದ್ರೆ ಚಿಕ್ಕದಕ್ಕೂ ಅದೇ ಬೇಕು. ಸ್ಲೇಟು, ಬಳಪ ಕೊಟ್ಟು ಪಕ್ಕದಲ್ಲೇ ಕೂರಿಸಿ, ಗೀಚಲಿ. ಬಳಪ ಎಣಿಸಿ ಕೊಡಿ, ತಿನ್ನೋ ಮಕ್ಕಳು ಬಹಳ. ಕಾಳು ವಿಂಗಡಿಸೋ ಆಟವೂ ಒಳ್ಳೇದು, ಆದ್ರೆ ಮನೆಯಲ್ಲಿ ಮೂರು ವರ್ಷದ ಒಳಗಿನ ಮಗು ಇದ್ರೆ ಕಡಲೆ, ಬಟಾಣಿ ಚಾಪೆ ಮೇಲೆ ಬೇಡ. ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮೂಗಿಗೆ ತುರುಕಿಕೊಂಡ್ರೆ ಒಳಗೆ ತೇವಕ್ಕೆ ಊದಿ, ತೆಗೆಯೋಕೆ ಡಾಕ್ಟರೇ ಬೇಕಾಗುತ್ತೆ.

[ದೃಶ್ಯ: ಪಾವು, ಇಡ್ಲಿ ರವೆ ಡಬ್ಬ.]

ಲೆಕ್ಕಕ್ಕೆ ಅಡುಗೆಮನೆ. ಇಡ್ಲಿಗೆ ಒಂದು ಪಾವು ಉದ್ದಿನಬೇಳೆ, ಎರಡು ಪಾವು ರವೆ. ನಾಳೆ ಚಿಕ್ಕಪ್ಪ ಬರ್ತಾರೆ, ಎರಡು ಪಾವು ಬೇಳೆ ಹಾಕಿದ್ರೆ ರವೆ ಎಷ್ಟು? ಅಳೆಯೋದು ಮಗುವೇ. ಪಾವಿನ ಬಾಯಿಗೆ ಸಮ ಮಾಡೋದನ್ನ ಮೊದಲು ತೋರಿಸಿ, ಒಂದು ಗೋಪುರವಾಗಿ ಒಂದು ಅರೆಬರೆಯಾಗಿ ತುಂಬಿದ್ರೆ ಲೆಕ್ಕ ಸರಿ ಇದ್ದೂ ಹಿಟ್ಟು ಕೆಡುತ್ತೆ. ಸುರಿಯೋ ಗಮನದಲ್ಲಿ ಎಣಿಕೆ ತಪ್ಪುತ್ತೆ, ಅದಕ್ಕೆ ಪಾವಿಗೊಂದು ಹುಣಸೆ ಬೀಜ ಪಕ್ಕಕ್ಕಿಡಲಿ. ಕೆಳಗೆ ಚೆಲ್ಲೋದು ಗ್ಯಾರಂಟಿ, ಮೊದಲೇ ಪೇಪರ್ ಹಾಸಿ.

ಇದಕ್ಕಿಂತ ದೊಡ್ಡ ಮೇಷ್ಟ್ರು ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ, ನಾಲ್ಕು ಕವಡೆ. ಬಾಯಿ ಮೇಲಾದಷ್ಟು ಅಂಕ. ನಾಲ್ಕೂ ಮೇಲಾದ್ರೆ ಚೌಕ, ನಾಲ್ಕೂ ಕವುಚಿದ್ರೆ ಬಾರ, ಅಂದ್ರೆ ಎಂಟು. ಮೊದಮೊದಲು ಮಗು ಒಂದೊಂದು ಕವಡೆ ಮುಟ್ಟಿ ಎಣಿಸುತ್ತೆ. ಆಡ್ತಾ ಆಡ್ತಾ ಮೂರು ಬಿದ್ರೆ ಕಣ್ಣಲ್ಲೇ "ಮೂರು" ಅನ್ನೋಕೆ ಶುರು ಮಾಡುತ್ತೆ.

ಕಾಯಿ ನಡೆಸೋವಾಗ ಹತ್ತಿರ ಕೂತು ನೋಡಿ. ಮೂರು ಬಿದ್ದಿದೆ. ಮಗು ಕಾಯಿ ನಿಂತಿರೋ ಮನೆಯನ್ನೇ "ಒಂದು" ಅಂತ ಮುಟ್ಟಿ, "ಎರಡು, ಮೂರು" ಅಂತ ಎರಡೇ ಮನೆ ಮುಂದೆ ಹೋಗುತ್ತೆ. ನಗಬೇಡಿ, ಮೋಸ ಅಂತಲೂ ಬೈಬೇಡಿ. ನಾಲ್ಕಕ್ಕೆ ಮೂರು ಕೂಡು ಅಂದಾಗ "ನಾಲ್ಕು, ಐದು, ಆರು" ಅಂತ ಎಣಿಸಿ ಆರು ಉತ್ತರ ಬರೆಯೋದೂ ಇದೇ ತಪ್ಪಿನಿಂದ. ಕಾಯಿ ಎತ್ತೋವಾಗ ಬಾಯಿ ಮುಚ್ಚಿರಲಿ, ಮುಂದಿನ ಮನೆಯಲ್ಲಿ ಟಕ್ ಅಂತ ಇಟ್ಟಾಗ "ಒಂದು". ಈ ಟಕ್ ಸದ್ದು ಅಭ್ಯಾಸ ಆಗೋ ತನಕ ಪುಸ್ತಕದಲ್ಲಿ ಕೂಡೋ ಲೆಕ್ಕ ಬರೆಸೋಕೆ ಹೋಗಬೇಡಿ, ಪೆನ್ಸಿಲ್ಲು ಕಾಯುತ್ತೆ.

ಸಂಜೆ ಬೀದಿಯ ಮಕ್ಕಳು ಶಾಲೆಯಿಂದ ಬಂದ ಮೇಲೆ ಆಟ. ಆ ಹೊತ್ತಲ್ಲಿ ಪಾಠ ಇಟ್ಟುಕೊಳ್ಳಲೇಬೇಡಿ, ಜೊತೆಗಾರರು ಸಿಗೋದು ಆಗ ಮಾತ್ರ.

ಕಾನೂನಿನ ಮಾತು ಚುಟುಕಾಗಿ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ, ಅನ್ವಯ 6ರಿಂದ 14 ವರ್ಷದವರಿಗೆ. ಮಗುವನ್ನ ನೆರೆಯ ಶಾಲೆಗೆ ಸೇರಿಸೋದು ತಂದೆತಾಯಿ ಕರ್ತವ್ಯ ಅಂತ 10ನೇ ಸೆಕ್ಷನ್ ಹೇಳುತ್ತೆ. ಸೇರಿಸದಿದ್ರೆ ಅವರಿಗೆ ಇಂಥ ಶಿಕ್ಷೆ ಅಂತ ಕಾಯ್ದೆಯಲ್ಲಿ ಇಲ್ಲ, ಮನೆಶಾಲೆಯ ಹೆಸರೂ ಇಲ್ಲ. "ಪೂರ್ತಿ ಕಾನೂನುಬದ್ಧ" ಅಂತ ಎದೆ ತಟ್ಟಿ ಹೇಳೋರ ಮಾತನ್ನ ಹಾಗಾಗಿ ಸ್ವಲ್ಪ ಜರಡಿ ಹಿಡಿದು ಕೇಳಿ. ನಡುವೆ ಶಾಲೆಗೆ ಸೇರಿಸಬೇಕು ಅನ್ನಿಸಿದ್ರೆ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳೋಕೆ 4ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಮನೆಯಲ್ಲೇ ಮುಂದುವರಿದ್ರೆ, 14 ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು.

ಯಾವ ದಾರಿ ಹಿಡಿದ್ರೂ ದಾಖಲೆ ಇರಲಿ. 200 ಪುಟದ ಒಂದು ನೋಟ್‌ಬುಕ್ಕು, ರಾತ್ರಿ ಪಾತ್ರೆ ತೊಳೆದಾದ ಮೇಲೆ ತಾರೀಖು ಹಾಕಿ ಎರಡು ಸಾಲು. "ಚೆನ್ನಾಗಿ ಓದಿದಳು" ಅಂತ ಬರೆದ್ರೆ ತಿಂಗಳಾದ ಮೇಲೆ ನಿಮಗೇ ಏನೂ ತಿಳಿಯಲ್ಲ. ಹೀಗೆ ಬರೀರಿ:

[ತೆರೆಯ ಮೇಲೆ, ಕೈಬರಹದಲ್ಲಿ: "ಮಂಗಳವಾರ. ಅಗಸ, ಗರಗಸ ತಾನೇ ಓದಿದಳು. 'ದ' ಇನ್ನೂ ತಡವರಿಕೆ. ಚೌಕಾಬಾರದಲ್ಲಿ ನಿಂತ ಮನೆಯನ್ನೂ ಎಣಿಸಿದಳು, ಐದು ಸಲದಲ್ಲಿ ಎರಡು ಸಲ."]