ಬರ್ಲಿನ್ ಮನೆಯ ಎರಡು ಗಡಿಯಾರಗಳು

ಈ ವ್ಲಾಗ್‌ನಲ್ಲಿ ನೀವು ಈಗ ನೋಡುತ್ತಿರುವ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳಿವೆ. ಎಡಗಡೆಯದು ಆರೂಕಾಲು ತೋರಿಸುತ್ತಿದೆ, ಬಲಗಡೆಯದು ಹತ್ತೂಮುಕ್ಕಾಲು. ಎಡಗಡೆಯದು ಬರ್ಲಿನ್ ನಗರದ್ದು, ಬಲಗಡೆಯದು ಮಕ್ಕಳ ಅಜ್ಜಿಯದು. ಅದರ ಕೆಳಗೆ ಮಗಳು ಅಂಟಿಸಿರುವ ಹಳದಿ ಚೀಟಿಯಲ್ಲಿ ‘ಅಜ್ಜಿ’ ಎಂಬ ಪದದ ಒತ್ತಕ್ಷರ ತನ್ನ ಜಾಗ ಬಿಟ್ಟು ಸ್ವಲ್ಪ ದೂರ ಸರಿದು ಕುಳಿತಿದೆ. ತಿದ್ದಿಸಬೇಕೆಂದು ಎರಡು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ, ಇನ್ನೂ ತಿದ್ದಿಸಿಲ್ಲ.

ಇದು ಡಿಸೆಂಬರ್ ಮೊದಲ ವಾರದ ಒಂದು ಸಾಧಾರಣ ಮಂಗಳವಾರ. ನಾವು ಇಲ್ಲಿಗೆ ಬಂದಿದ್ದು 2023ರ ಅಕ್ಟೋಬರಿನಲ್ಲಿ. ಆಗ ಮಗಳಿಗೆ ಆರು ತುಂಬಿತ್ತು, ಮಗನಿಗೆ ಎರಡು. ಬಂದ ಹೊಸತರಲ್ಲಿ ಎಲ್ಲರಂತೆ ನಾನೂ ಹಿಮವನ್ನು, ಹಳದಿ ಬಣ್ಣದ ರೈಲುಗಳನ್ನು, ಬರ್ಲಿನ್ ಗೋಡೆ ಬಿದ್ದ ಜಾಗವನ್ನು ತೋರಿಸಿದೆ. ಆದರೆ ಈ ದೇಶದಲ್ಲಿ ನಮ್ಮನ್ನು ನಿಜವಾಗಿ ತಡವರಿಸುವಂತೆ ಮಾಡಿದ್ದು ಇವು ಯಾವುವೂ ಅಲ್ಲ, ಇಲ್ಲಿನ ಹೊತ್ತಿನ ಲೆಕ್ಕ. ಆದ್ದರಿಂದ ಇವತ್ತಿನ ನಿರೂಪಣೆ ಪೂರ್ತಿ ಅದರ ಬಗ್ಗೆಯೇ.

ನಾವು ಬಂದಿಳಿದ ಮೂರನೆಯ ವಾರಕ್ಕೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಭಾನುವಾರ ಬಂದಿತು. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ ಮೂರು ಗಂಟೆಯಾದಾಗ ಇಲ್ಲಿ ಮತ್ತೆ ಎರಡು ಗಂಟೆಯಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಆ ಗಂಟೆಯನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಜರ್ಮನಿಯಲ್ಲಿ 1980ರಿಂದ ಪ್ರತಿ ವರ್ಷ ಗಡಿಯಾರ ತಿರುಗಿಸುವುದು ತಪ್ಪದೆ ನಡೆದಿದೆ. ಈ ಪದ್ಧತಿಯನ್ನು ಕೈಬಿಡಬೇಕೆಂದು ಯುರೋಪಿಯನ್ ಸಂಸತ್ತು 2019ರಲ್ಲಿ ಮತ ಹಾಕಿದರೂ ಅದು ಇನ್ನೂ ಜಾರಿಗೆ ಬಂದಿಲ್ಲ. ನಮ್ಮ ಊರಿಗೂ ಇಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ಇದನ್ನು ಫೋನಿನಲ್ಲಿ ವಿವರಿಸಿದಾಗ ನಮ್ಮ ಅತ್ತೆಯವರು, “ಅಲ್ಲಮ್ಮ, ನಿಮ್ಮೂರಲ್ಲಿ ಗಡಿಯಾರದ ಹತ್ರಾನೂ ಸುಳ್ಳು ಹೇಳಿಸ್ತಾರಾ?” ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಕಿಟಕಿಯಾಚೆ ಕಾಣುವ ಕತ್ತಲೆಯನ್ನು ಕ್ಯಾಮೆರಾದ ದೋಷವೆಂದು ತಿಳಿಯಬೇಡಿ. ಶಾಲೆಯ ಮೊದಲ ಗಂಟೆ ಬಾರಿಸುವುದು ಎಂಟಕ್ಕೆ, ಈ ವಾರ ಸೂರ್ಯ ಹುಟ್ಟುವುದೂ ಹೆಚ್ಚುಕಡಿಮೆ ಎಂಟಕ್ಕೇ. ತಿಂಗಳ ಕೊನೆಗೆ ಅದು ಎಂಟೂಕಾಲಿಗೆ ಜಾರುತ್ತದೆ. ಕತ್ತಲಲ್ಲಿ ಎದ್ದು, ಕತ್ತಲಲ್ಲಿ ಹಲ್ಲುಜ್ಜಿ, ಕತ್ತಲಲ್ಲೇ ಚೀಲ ಹೊತ್ತು ಹೊರಡುವುದು ಮಗಳಿಗೆ ಈಗ ಅಭ್ಯಾಸವಾಗಿದೆ. ಮೊದಲ ವರ್ಷ ಮಾತ್ರ ಅವಳು ದಿನವೂ “ಇನ್ನೂ ರಾತ್ರಿ ಇದೆಯಲ್ಲಮ್ಮ” ಎಂದು ಹೊದಿಕೆಯೊಳಗಿನಿಂದ ವಾದಿಸುತ್ತಿದ್ದಳು, ಮತ್ತು ಅವಳ ವಾದದಲ್ಲಿ ತಪ್ಪೇನೂ ಇರಲಿಲ್ಲ.

ಈ ದೃಶ್ಯದಲ್ಲಿ ನಿಮಗೆ ಅವಳ ಬೆನ್ನು ಮತ್ತು ಚೀಲದ ಮೇಲೆ ಮಿನುಗುವ ಪಟ್ಟಿಗಳು ಮಾತ್ರ ಕಾಣುತ್ತಿವೆ. ಶಾಲೆಯ ಗೇಟಿನ ಬಳಿ ನಾನು ಕ್ಯಾಮೆರಾ ಆರಿಸಿಬಿಡುತ್ತೇನೆ. ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂಬ ಕಾನೂನು ಈ ದೇಶದಲ್ಲಿ 1907ರಿಂದಲೇ ಇದೆ, ಮಕ್ಕಳ ವಿಷಯದಲ್ಲಿ ಜನ ಅದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ವ್ಲಾಗ್ ಮಾಡುವವರಿಗೆ ಇದು ತೊಡಕೇ ಸರಿ, ಆದರೆ ತಾಯಿಯಾಗಿ ನನಗೆ ಇಷ್ಟವಾದ ತೊಡಕು.

ಈಗ ನನ್ನ ಒಂದು ಪೇಚಿನ ಕಥೆ. ಇಲ್ಲಿ ಪ್ರತಿಯೊಂದು ಕೆಲಸಕ್ಕೂ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು, ಅದಕ್ಕೆ ಟೆರ್ಮೀನ್ ಎನ್ನುತ್ತಾರೆ. ಇಲ್ಲಿನ ಭಾರತೀಯರ ಮನೆಗಳಲ್ಲಿ ಯಾವ ಭಾಷೆ ಆಡಿದರೂ ಈ ಪದ ಮಾತ್ರ ಜರ್ಮನ್ನಿನಲ್ಲೇ ಬರುತ್ತದೆ. ಮೊದಲ ಚಳಿಗಾಲದಲ್ಲಿ ಮಗನ ಕಿವಿನೋವಿಗೆ ಮಕ್ಕಳ ವೈದ್ಯರ ಬಳಿ ಫೋನಿನಲ್ಲಿ ಟೆರ್ಮೀನ್ ಕೇಳಿದಾಗ, ಆ ಕಡೆಯವರು “ಹಾಲ್ಬ್ ದ್ರೈ” ಎಂದರು. ಹಾಲ್ಬ್ ಎಂದರೆ ಅರ್ಧ, ದ್ರೈ ಎಂದರೆ ಮೂರು ಎಂಬಷ್ಟು ಜರ್ಮನ್ ನನಗೆ ಬರುತ್ತಿತ್ತು. ಮೂರರ ಜೊತೆಗೆ ಅರ್ಧ ಸೇರಿದರೆ ಮೂರೂವರೆ ಎಂದು ಲೆಕ್ಕ ಹಾಕಿ, ಮಗುವಿಗೆ ಪದರ ಪದರವಾಗಿ ಬಟ್ಟೆ ತೊಡಿಸಿ, ಹತ್ತು ನಿಮಿಷ ಮುಂಚಿತವಾಗಿಯೇ ಹೋಗಿ ಹೆಮ್ಮೆಯಿಂದ ನಿಂತೆ. ಹಾಲ್ಬ್ ದ್ರೈ ಎಂದರೆ ಎರಡೂವರೆ. ಸರದಿ ಮುಗಿದು ಐವತ್ತು ನಿಮಿಷ ಕಳೆದಿತ್ತು. ಮೇಜಿನ ಹಿಂದಿದ್ದವರು ನನ್ನನ್ನು ಬೈಯಲಿಲ್ಲ, ಗೋಡೆಯ ಗಡಿಯಾರವನ್ನು ಸುಮ್ಮನೆ ಒಮ್ಮೆ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗೆ ಎಲ್ಲರ ಸರದಿ ಮುಗಿಯುವವರೆಗೆ ಕಾದು ಮಗುವಿನ ಕಿವಿ ತೋರಿಸಿಕೊಂಡು ಬಂದೆ.

ಆ ರಾತ್ರಿ ಇದರ ಬಗ್ಗೆ ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ ನಾವು ಮುಗಿದ ಗಂಟೆಗೆ ಕಾಲು, ಅರೆ, ಮುಕ್ಕಾಲು ಸೇರಿಸುತ್ತೇವೆ. ಎರಡು ಮುಗಿದು ಮೇಲೆ ಅರ್ಧವಾದರೆ ಎರಡೂವರೆ. ಇವರು ಬರಲಿರುವ ಗಂಟೆಯನ್ನು ಒಂದು ಕೊಡವೆಂದು ಭಾವಿಸಿ, ಅದು ಎಷ್ಟು ತುಂಬಿತು ಎಂದು ಹೇಳುತ್ತಾರೆ. ಮೂರನೆಯ ಕೊಡ ಅರ್ಧ ತುಂಬಿದರೆ ಹಾಲ್ಬ್ ದ್ರೈ. ಬರ್ಲಿನ್ ಜನರಲ್ಲಿ ಹಲವರು ಇನ್ನೂ ಮುಂದೆ ಹೋಗಿ ಎರಡೂಮುಕ್ಕಾಲಿಗೆ ‘ಮುಕ್ಕಾಲು ಮೂರು’ ಎಂದೂ ಎರಡೂಕಾಲಿಗೆ ‘ಕಾಲು ಮೂರು’ ಎಂದೂ ಹೇಳುತ್ತಾರೆ. ವಿಚಿತ್ರವೆನಿಸುತ್ತದೆ. ಆದರೆ ಮಕ್ಕಳ ವಯಸ್ಸು ಕೇಳಿದರೆ ನಾವೂ “ಎರಡು ತುಂಬಿ ಮೂರಕ್ಕೆ ಬಿದ್ದಿದೆ” ಎನ್ನುವುದಿಲ್ಲವೇ? ನಾವು ವಯಸ್ಸನ್ನು ಎಣಿಸುವಂತೆ ಇವರು ಗಂಟೆಯನ್ನು ಎಣಿಸುತ್ತಾರೆ. ಹೀಗೆ ಅರ್ಥಮಾಡಿಕೊಂಡ ಮೇಲೆ ನಾನು ಒಂದೇ ಒಂದು ಟೆರ್ಮೀನನ್ನೂ ತಪ್ಪಿಸಿಲ್ಲ.

ಸಂಖ್ಯೆಗಳ ವಿಷಯದಲ್ಲಿ ಪೇಚಿಗೆ ಸಿಕ್ಕಿದವಳು ಮಗಳು. ಪರದೆಯ ಮೇಲಿರುವುದು ಅವಳ ಒಂದನೆಯ ತರಗತಿಯ ಗಣಿತದ ಪುಸ್ತಕ. ಶಿಕ್ಷಕಿ ಸಂಖ್ಯೆಗಳನ್ನು ಹೇಳಿ ಬರೆಸಿದ್ದಾರೆ. ಇಪ್ಪತ್ತನಾಲ್ಕನ್ನು ಜರ್ಮನ್ನಿನಲ್ಲಿ ‘ನಾಲ್ಕು ಮತ್ತು ಇಪ್ಪತ್ತು’ ಎಂದು ಹೇಳುವುದರಿಂದ, ಕಿವಿಗೆ ಮೊದಲು ಬಿದ್ದ ನಾಲ್ಕನ್ನು ಮೊದಲು ಬರೆದು ಇವಳು 42 ಮಾಡಿದ್ದಾಳೆ. ಮೂವತ್ತೈದು 53 ಆಗಿದೆ. ಪುಟದಲ್ಲಿ ಹತ್ತಕ್ಕೆ ಏಳು ತಪ್ಪು, ಆದರೆ ಏಳೂ ಒಂದೇ ತಪ್ಪು. ಪಕ್ಕದಲ್ಲಿ ಅವಳು ಕಂಡುಕೊಂಡ ಉಪಾಯವೂ ಕಾಣುತ್ತದೆ. ಬಿಡಿಯ ಅಂಕಿಯನ್ನು ಬಲಗಡೆ ಮೊದಲು ಬರೆದು, ಹತ್ತರ ಅಂಕಿಗೆ ಎಡಗಡೆ ಒಂದು ಪುಟ್ಟ ಖಾಲಿ ಚೌಕ ಬಿಟ್ಟುಕೊಂಡಿದ್ದಾಳೆ. ಈಗ ಮೂರನೆಯ ತರಗತಿಯಲ್ಲಿ ಆ ಚೌಕದ ಅಗತ್ಯವಿಲ್ಲ, ಆದರೂ ಆತುರದಲ್ಲಿ ಬರೆಯುವಾಗ ಅವಳ ಕೈ ಇನ್ನೂ ಬಲದಿಂದಲೇ ಶುರುಮಾಡುತ್ತದೆ.

ಮಗನನ್ನು ಬಿಡಲು ಹೋಗುವ ಜಾಗದ ಹೆಸರು ಕೀಟಾ, ಅಂದರೆ ಇಲ್ಲಿನ ಶಿಶುವಿಹಾರ. “ಮಗೂನ ಕೀಟಕ್ಕೆ ಕಳಿಸ್ತೀರಾ?” ಎಂದು ಅತ್ತೆಯವರು ಗಾಬರಿಯಾಗಿದ್ದನ್ನು ಹಳೆಯ ವೀಕ್ಷಕರು ಮರೆತಿರಲಾರರು. ಅಲ್ಲಿ ಮಗುವನ್ನು ಮೊದಲ ದಿನವೇ ಬಿಟ್ಟು ಬರುವಂತಿಲ್ಲ. 1980ರ ದಶಕದಲ್ಲಿ ಇದೇ ಊರಿನ ಇನ್ಫಾನ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ, ‘ಬರ್ಲಿನ್ ಮಾದರಿ’ ಎಂದೇ ಹೆಸರಾದ ಒಂದು ಪದ್ಧತಿಯನ್ನು ಅಲ್ಲಿ ಅನುಸರಿಸುತ್ತಾರೆ. ಅದರಂತೆ ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನ ಜೊತೆಗೆ ಒಂದು ಗಂಟೆಯಷ್ಟು ಕಾಲ ಆ ಕೋಣೆಯಲ್ಲೇ ಇರಬೇಕು. ಆಟ ಆಡಿಸಬಾರದು, ಮಗುವನ್ನು ದೂರ ತಳ್ಳಲೂಬಾರದು, ಬಂದರೆ ಅಪ್ಪಿಕೊಳ್ಳಬೇಕು. ನಾಲ್ಕನೆಯ ದಿನ ಕೆಲವೇ ನಿಮಿಷ ಹೊರಗೆ ಹೋಗಿ ಬರಬೇಕು. ಮಗು ಅಳುವುದೋ ಇಲ್ಲವೋ ಎಂಬುದಕ್ಕಿಂತ, ಅತ್ತಾಗ ಅಲ್ಲಿನ ಶಿಕ್ಷಕಿಯ ಸಮಾಧಾನವನ್ನು ಒಪ್ಪಿಕೊಳ್ಳುತ್ತದೆಯೇ ಎಂಬುದನ್ನು ಅವರು ಗಮನಿಸುತ್ತಾರೆ. ಮುಂದಿನ ವಾರಗಳ ವೇಗ ಅದರ ಮೇಲೆ ನಿರ್ಧಾರವಾಗುತ್ತದೆ. ನಮಗೆ ಐದು ವಾರ ಹಿಡಿಯಿತು.

ಮೊಣಕಾಲೆತ್ತರದ ಕುರ್ಚಿಯ ಮೇಲೆ ಏನೂ ಮಾಡದೆ ಕುಳಿತ ಆ ಗಂಟೆಗಳು ನನ್ನ ಜೀವನದ ಅತಿ ಉದ್ದನೆಯ ಗಂಟೆಗಳು. ನಾಲ್ಕನೆಯ ದಿನ ಮಗ ಮರದ ರೈಲಿನಲ್ಲಿ ಮೈಮರೆತಿದ್ದಾಗ, ನಾನು ಬಲ್ಲ ಒಂದೇ ವಿದ್ಯೆಯಂತೆ ಅವನ ಕಣ್ಣು ತಪ್ಪಿಸಿ ಬಾಗಿಲ ಕಡೆ ಹೆಜ್ಜೆ ಹಾಕಿದೆ. ಶಿಕ್ಷಕಿ ಮೃದುವಾಗಿ ತಡೆದರು. ಹೋಗುತ್ತೇನೆ ಎಂದು ಹೇಳಿ ಹೋಗಬೇಕು, ಇಲ್ಲದಿದ್ದರೆ ಅವನು ಇನ್ನು ಆಟ ಆಡುವುದಿಲ್ಲ, ಬಾಗಿಲು ಕಾಯುತ್ತಾನೆ ಎಂದರು. ನಾನು ಹಿಂದಿರುಗಿ ಬಂದು, “ಪುಟ್ಟಾ, ಅಮ್ಮ ಹೋಗಿ ಬರ್ತೀನಿ” ಎಂದೆ. ಅವನು ಜೋರಾಗಿ ಅತ್ತ. ಹೊರಗೆ, ಮಕ್ಕಳು ಕೆಸರಿನಲ್ಲಿ ಆಡುವಾಗ ತೊಡಲೆಂದು ಸಾಲಾಗಿ ನೇತುಹಾಕಿದ್ದ ಪ್ಯಾಂಟುಗಳ ನಡುವೆ ಐದು ನಿಮಿಷ ನಿಂತಿದ್ದ ನಾನೂ ಅತ್ತೆ. ನಮ್ಮ ಕಡೆ ಮಕ್ಕಳ ಕಣ್ಣು ತಪ್ಪಿಸಿ ಹೋಗುವುದನ್ನು ನಾವು ಕರುಣೆಯೆಂದೇ ತಿಳಿದಿದ್ದೆವು. ನನ್ನನ್ನೂ ಹಾಗೆಯೇ ಬಿಟ್ಟು ಹೋಗಿದ್ದರು. ಅದರಲ್ಲಿ ಕರುಣೆಯಿದ್ದದ್ದು ಬಿಟ್ಟು ಹೋಗುವವರಿಗೆ ಮಾತ್ರ ಎಂಬುದು ನನಗೆ ಅಂದು ತಿಳಿಯಿತು.

ಕಾಗದಪತ್ರಗಳ ಬಗ್ಗೆ ಅನೇಕರು ಕೇಳುತ್ತಿರುವುದರಿಂದ ಚುಟುಕಾಗಿ ಹೇಳಿಬಿಡುತ್ತೇನೆ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಮಾಲೀಕರ ಸಹಿ ಇರುವ ಪತ್ರ ಬೇಕು. ಅದಾದ ಮೇಲೆ 11 ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. 2025ರಲ್ಲಿ ಮಗುವೊಂದಕ್ಕೆ ತಿಂಗಳಿಗೆ 255 ಯೂರೋ ಮಕ್ಕಳ ಭತ್ಯೆ ಇತ್ತು. ಬರ್ಲಿನ್ ನಗರದಲ್ಲಿ ಕೀಟಾಗೆ ಶುಲ್ಕವಿಲ್ಲ, ಊಟಕ್ಕೆ ತಿಂಗಳಿಗೆ 23 ಯೂರೋ ಕೊಡಬೇಕು. 2019ರಿಂದ ಆರನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಯ ಮಧ್ಯಾಹ್ನದ ಊಟವೂ ಉಚಿತ. ಉಚಿತ ಎಂಬ ಮಾತು ಕೇಳಿದಾಗಲೆಲ್ಲ ನಮ್ಮ ಮನೆಯವರು ತಮ್ಮ ಸಂಬಳದ ಚೀಟಿಯಲ್ಲಿ ತೆರಿಗೆ ಕಡಿತವಾದ ಸಾಲಿನ ಮೇಲೆ ಬೆರಳಿಡುತ್ತಾರೆ.

ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿ ಮತ್ತೆ ಕತ್ತಲು. ಇದೇ ಕಿಟಕಿ ಜೂನ್ ತಿಂಗಳಲ್ಲಿ ಹೇಗಿತ್ತೆಂಬ ತುಣುಕನ್ನು ಸೇರಿಸಿದ್ದೇನೆ. ರಾತ್ರಿ ಒಂಬತ್ತು ಗಂಟೆ, ಬಿಸಿಲು ನೇರವಾಗಿ ಮಕ್ಕಳ ಮಂಚದ ಮೇಲೆ. ಸೂರ್ಯ ಮಲಗದೆ ತಾನೂ ಮಲಗುವುದಿಲ್ಲ ಎಂಬ ಮಗನ ಹಟವನ್ನು ಗೆಲ್ಲಲು ದಪ್ಪ ಕಪ್ಪು ಪರದೆ ಕೊಂಡೆವು. ಅದೇ ಪರದೆ ಈಗ ಕೆಲಸವಿಲ್ಲದೆ ನೇತಾಡುತ್ತಿದೆ.

ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರ ವಿಶ್ರಾಂತಿಯ ದಿನವೆಂದು ಇಲ್ಲಿನ ಸಂವಿಧಾನವೇ ಹೇಳುತ್ತದೆ. ಆ ದಿನ ಗೋಡೆಗೆ ಡ್ರಿಲ್ ಹಾಕಬಾರದು, ಗಾಜಿನ ಬಾಟಲಿಗಳನ್ನು ಕಸದ ಡಬ್ಬಿಗೆ ಸದ್ದಾಗುವಂತೆ ಎಸೆಯಬಾರದು. ಬಲಗಡೆಯ ಗಡಿಯಾರವನ್ನು ನಾವು ತೂಗುಹಾಕಲು ಹೊರಟಿದ್ದು ಒಂದು ಭಾನುವಾರ ಬೆಳಗ್ಗೆಯೇ. ಎರಡನೆಯ ಸಲ ಡ್ರಿಲ್ ಒತ್ತುವಷ್ಟರಲ್ಲಿ ಕೆಳಮನೆಯ ವೃದ್ಧೆ ಬಾಗಿಲಿಗೆ ಬಂದು, ಸಿಟ್ಟಿಲ್ಲದೆ, ನಾಳೆ ಎಷ್ಟು ಬೇಕಾದರೂ ಕೊರೆಯಿರಿ ಎಂದು ಹೇಳಿ ಹೋದರು. ಗಡಿಯಾರದ ಪಕ್ಕದಲ್ಲಿ ಕಾಣುವ ಆ ಅರೆಬರೆ ತೂತು ಅಂದಿನದು.

ಈಗ ಸಂಜೆಯ ನಾಲ್ಕೂಕಾಲು, ಅಲ್ಲಿ ಎಂಟೂಮುಕ್ಕಾಲು. ಅತ್ತೆಯವರ ಊಟ ಮುಗಿದು ನಿದ್ದೆಗೆ ಇನ್ನೂ ಸ್ವಲ್ಪ ಸಮಯವಿರುವ ಈ ಅರ್ಧ ಗಂಟೆಯೇ ನಮ್ಮ ಚಳಿಗಾಲದ ಭೇಟಿ. ಅಕ್ಕ ತಮ್ಮ ತಮ್ಮತಮ್ಮಲ್ಲಿ ಈಗ ಜರ್ಮನ್ನಿನಲ್ಲೇ ಜಗಳವಾಡುತ್ತಾರೆ. ಅದನ್ನು ತಡೆಯಲು ನಾನು ಮಾಡಿದ ನಿಯಮಗಳೆಲ್ಲ ಸೋತಿವೆ. ಕನ್ನಡ ಉಳಿದಿರುವುದು ನಿಯಮದಿಂದಲ್ಲ, ಆ ಕಡೆಯವರಿಗೆ ಬೇರೆ ಭಾಷೆ ಬಾರದೆಂಬ ಒಂದೇ ಕಾರಣದಿಂದ. ಆದರೆ ಆ ಕನ್ನಡದೊಳಗೂ ಈ ಊರು ನುಸುಳಿದೆ.

“ಅಜ್ಜಿ, ಶನಿವಾರ ಅರ್ಧ ಹತ್ತಕ್ಕೆ ಫೋನ್ ಮಾಡ್ತೀವಿ” ಎನ್ನುತ್ತಿದ್ದಾಳೆ ಮಗಳು.

“ಅರ್ಧ ಹತ್ತು ಅಂದ್ರೆ ಒಂಬತ್ತೂವರೆನಾ, ಹತ್ತೂವರೆನಾ? ಅದೂ ನಿಮ್ಮ ಗಡಿಯಾರದ್ದಾ, ನಮ್ದಾ?”

ಮಗಳು ತಲೆಯೆತ್ತಿ ಎಡಗಡೆಯ ಗಡಿಯಾರವನ್ನು ನೋಡಿದಳು, ಬಲಗಡೆಯದನ್ನು ನೋಡಿದಳು, ಬೆರಳು ಮಡಚಿ ಎಣಿಸಿದಳು.

“ನಿಂಗೆ ಮಧ್ಯಾಹ್ನ ಎರಡು ಗಂಟೆ ಅಜ್ಜಿ. ಊಟ ಮುಗಿಸಿ ಕೂತಿರು.”