ಎಲ್ಲರೂ ಎಚ್‌ಒ ಅಂದಾಗ ಕೆಲವರು ಎಸ್ ಸ್ಕೇಲ್ ಹಿಡಿಯುವುದು ಯಾಕೆ?

(ದೃಶ್ಯ: ಮೇಜಿನ ಮೇಲೆ ಒಂದೇ ಬಗೆಯ ಮೂರು ಬೋಗಿ, ಮೂರು ಅಳತೆಯಲ್ಲಿ)

ನಮಸ್ಕಾರ. ಇದು ಮಾಡೆಲ್ ರೈಲಿನ ಮಾತು. ಸ್ಕೇಲ್ ಅಂದರೆ ನಿಜವಾದ ರೈಲನ್ನು ಎಷ್ಟು ಕುಗ್ಗಿಸಿದ್ದಾರೆ ಅನ್ನುವ ಅಳತೆ; ಎನ್, ಎಚ್‌ಒ, ಎಸ್ ಅಂಥ ಅಳತೆಗಳ ಹೆಸರು. ಈ ಮೂರೂ ಅಮೆರಿಕದ 40 ಅಡಿ ಉದ್ದದ ಬಾಕ್ಸ್‌ಕಾರ್, ಅಂದರೆ ಮುಚ್ಚಿದ ಗೂಡ್ಸ್ ಬೋಗಿ. ಎಡಗಡೆ ಇರುವುದು ಎನ್ ಸ್ಕೇಲ್, ಉದ್ದ 76 ಮಿ.ಮೀ. ನಡುವೆ ಎಚ್‌ಒ, 140 ಮಿ.ಮೀ. ಬಲಗಡೆಯದು ಎಸ್, ಸುಮಾರು 190 ಮಿ.ಮೀ. ಮೊದಲ ಎರಡು ಎಲ್ಲ ಕಡೆ ಸಿಗುತ್ತವೆ. ಮೂರನೆಯದನ್ನು ಮಾಡೆಲ್ ರೈಲಿನ ಹುಚ್ಚು ಇರುವವರಲ್ಲೂ ಎಷ್ಟೋ ಜನ ಕೈಯಲ್ಲಿ ಹಿಡಿದು ನೋಡಿಲ್ಲ. ಹಾಗಿದ್ದರೂ ಕೆಲವರು ಬೇಕಂತಲೇ ಇದನ್ನೇ ಆರಿಸಿಕೊಳ್ಳುತ್ತಾರೆ. ಯಾಕೆ?

ಮೊದಲು ಲೆಕ್ಕ. ಎಸ್ ಅಂದರೆ 1:64, ಅಂದರೆ ನಿಜವಾದದ್ದರ 64ನೇ ಒಂದು ಭಾಗ; ಎಚ್‌ಒ 1:87. ಉದ್ದದಲ್ಲಿ ವ್ಯತ್ಯಾಸ ಅಷ್ಟೇನೂ ಇಲ್ಲ ಅನಿಸುತ್ತದೆ ಅಲ್ವಾ? ಆದರೆ ಉದ್ದ, ಅಗಲ, ಎತ್ತರ ಮೂರೂ ಬೆಳೆಯುವುದರಿಂದ ಬೋಗಿಯ ಗಾತ್ರ ಎರಡೂವರೆ ಪಟ್ಟು ಆಗುತ್ತದೆ. ಕೈಗೆತ್ತಿಕೊಂಡ ಕೂಡಲೇ ಅದು ಗೊತ್ತಾಗುತ್ತದೆ. ಒಳಗೆ ತೂಕ ಹಾಕಲು ಜಾಗ ಇರುತ್ತದೆ, ಹಳಿಯ ಮೇಲೆ ನಿಧಾನವಾಗಿ ಉರುಳುವಾಗ ನಿಜವಾದ ಗೂಡ್ಸ್ ರೈಲಿನ ಆ ಗಾಂಭೀರ್ಯ ಸ್ವಲ್ಪವಾದರೂ ಬರುತ್ತದೆ.

(ದೃಶ್ಯ: ಇಕ್ಕಳದಲ್ಲಿ ತಂತಿ ಬಗ್ಗಿಸುತ್ತಿರುವ ಕೈ, ತೀರಾ ಹತ್ತಿರದಿಂದ)

ನನ್ನ ಮನಸ್ಸು ಗೆದ್ದಿದ್ದು ಮಾತ್ರ ಈ ತಂತಿ. ಬೋಗಿ ಹತ್ತುವಾಗ ಹಿಡಿದುಕೊಳ್ಳುವ ಕಬ್ಬಿಣದ ಹಿಡಿ ಇರುತ್ತದಲ್ಲ, ಅದರ ದಪ್ಪ ಮುಕ್ಕಾಲು ಇಂಚು ಅಂತ ಇಟ್ಟುಕೊಳ್ಳಿ. ಎನ್ ಸ್ಕೇಲಿನಲ್ಲಿ ಅದು 0.12 ಮಿ.ಮೀ., ಹೆಚ್ಚುಕಡಿಮೆ ಕೂದಲಿನಷ್ಟು. ಎಚ್‌ಒದಲ್ಲಿ 0.22. ಎಸ್‌ನಲ್ಲಿ 0.3. ಈ 0.3 ಮಿ.ಮೀ. ಹಿತ್ತಾಳೆ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಎರಡೂ ತುದಿ ಬಗ್ಗಿಸಿ, ತೂತಿಗೆ ತೂರಿಸಿ, ಹಿಂದಿನಿಂದ ಒಂದು ಹನಿ ಅಂಟು ಹಾಕಿದರೆ ಮುಗಿಯಿತು. ಕಣ್ಣಿಗೂ ಕಾಣುತ್ತದೆ, ಬೆರಳಿಗೂ ಸಿಗುತ್ತದೆ, ಅಳತೆಯೂ ಸರಿ. ವಯಸ್ಸಾದಂತೆ ಕಣ್ಣು ಮಂಜಾಗುವವರಿಗೆ, ಕೈ ಸ್ವಲ್ಪ ನಡುಗುವವರಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಇನ್ನೊಂದು ಅನುಕೂಲ ಇದೆ. ನಿಜವಾದ ರೈಲಿನ ಒಂದು ಇಂಚು ಇಲ್ಲಿ ಇಂಚಿನ 64ನೇ ಒಂದು ಭಾಗ. ಹಳೆಯ ನಕ್ಷೆಯಲ್ಲಿ 30 ಇಂಚು ಅಂತ ಇದ್ದರೆ ಇಂಚನ್ನು 64 ಭಾಗ ಮಾಡಿದ ಅಳತೆಪಟ್ಟಿಯಲ್ಲಿ 30 ಸಣ್ಣ ಗೆರೆ ಎಣಿಸಿದರೆ ಸಾಕು, ಕ್ಯಾಲ್ಕುಲೇಟರ್ ಬೇಡ.

ಇಷ್ಟು ಚೆನ್ನಾಗಿದ್ದರೆ ಜನಪ್ರಿಯ ಯಾಕಾಗಲಿಲ್ಲ? ಒಂದು ಕಾಲಕ್ಕೆ ಆಗಿತ್ತು. 1946ರಲ್ಲಿ ಅಮೆರಿಕದ ಎ.ಸಿ. ಗಿಲ್ಬರ್ಟ್ ಕಂಪನಿ ತನ್ನ ಅಮೆರಿಕನ್ ಫ್ಲೈಯರ್ ರೈಲುಗಳನ್ನು ಎಸ್ ಗೇಜಿನಲ್ಲಿ (ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ) ತಂದಿತು. ಎದುರಾಳಿ ಲಯನೆಲ್ ಕಂಪನಿಯ ರೈಲು ಮೂರು ಹಳಿಯ ಮೇಲೆ ಓಡುತ್ತಿದ್ದಾಗ ಇವರದು ನಿಜವಾದ ರೈಲಿನ ಹಾಗೆ ಎರಡೇ ಹಳಿ. ಅಷ್ಟರಲ್ಲಿ ಎಚ್‌ಒ ಬೆಳೆದು ಎಲ್ಲರ ಮನೆ ಸೇರಿತು, 1967ರಲ್ಲಿ ಗಿಲ್ಬರ್ಟ್ ಕಂಪನಿಯೇ ಮುಚ್ಚಿಹೋಯಿತು. ಅಂದರೆ ಎಸ್ ಹಿಂದೆ ಬಿದ್ದಿದ್ದು ಅಳತೆಯ ತಪ್ಪಿನಿಂದ ಅಲ್ಲ. ಟಿಟಿ ಸ್ಕೇಲಿನ ಕತೆ ನೋಡಿ. 1:120ರ ಈ ಅಳತೆ ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿ ಮೂಲೆಗೆ ಸೇರಿತು, ಆದರೆ ಪೂರ್ವ ಜರ್ಮನಿಯಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತು. ಒಂದು ಅಳತೆ ಉಳಿಯುವುದು ಯಾವ ಊರಲ್ಲಿ ಯಾರು ತಯಾರಿಸಿದರು ಅನ್ನುವುದರ ಮೇಲೆ ತುಂಬಾ ನಿಂತಿದೆ.

(ದೃಶ್ಯ: ಅರ್ಧ ಮುಗಿದ ಎಂಜಿನ್, ಸುತ್ತ ಬಿಡಿ ಭಾಗಗಳು)

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಬೇಕಾದ ಎಂಜಿನ್ ಬೇಕೆಂದಾಗ ಸಿಗುವುದಿಲ್ಲ. ಎಷ್ಟೋ ಮಾಡೆಲ್‌ಗಳನ್ನು ಮೊದಲೇ ಬುಕ್ ಮಾಡಿ ಕಾಯಬೇಕು, ಒಮ್ಮೆ ತಪ್ಪಿದರೆ ಹಳೆಯದನ್ನು ಹುಡುಕಿಕೊಂಡು ಅಲೆಯಬೇಕು. ಜಾಗವೂ ಜಾಸ್ತಿ ಬೇಕು: ಎಚ್‌ಒದಲ್ಲಿ 22 ಇಂಚಿನ ತ್ರಿಜ್ಯದಲ್ಲಿ ತಿರುಗುವ ರೈಲಿಗೆ ಇಲ್ಲಿ 30 ಇಂಚು ಕೊಡಬೇಕು. ಕಾರು, ಲಾರಿಗಳ ಚಿಂತೆ ಮಾತ್ರ ಇಲ್ಲ, ಆಟಿಕೆ ಕಾರುಗಳಲ್ಲಿ 1:64 ಧಾರಾಳವಾಗಿ ಸಿಗುತ್ತದೆ. ಮಿಕ್ಕಿದ್ದನ್ನು ನೀವೇ ಮಾಡಿಕೊಳ್ಳಬೇಕು. ಸ್ಟೇಷನ್, ಸೇತುವೆ, ಕೆಲವೊಮ್ಮೆ ಟ್ರ್ಯಾಕ್ ಬದಲಿಸುವ ಪಾಯಿಂಟ್ ಕೂಡ, ಹಳಿ ಅರೆದು, ಹಳಿಯ ಕೆಳಗಿನ ಅಡ್ಡಪಟ್ಟಿ, ಅಂದರೆ ಸ್ಲೀಪರ್, ಒಂದೊಂದೇ ಜೋಡಿಸಿ. ಡಬ್ಬಿ ತೆಗೆದು ಓಡಿಸುವುದೇ ಖುಷಿ ಅನ್ನುವವರಿಗೆ ಇದು ಬೇಡ, ಸುಮ್ನೆ ಬೇಜಾರಾಗುತ್ತದೆ. ಮಾಡುವುದೇ ಖುಷಿ ಅನ್ನುವವರು ಈ ಕೊರತೆಯನ್ನು ಹುಡುಕಿಕೊಂಡೇ ಬರುತ್ತಾರೆ, ನಾನೂ ಹಾಗೇ ಬಂದವನು.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮಗೆ ಇಷ್ಟವಾದ ಒಂದು ಬೋಗಿಯ ಪಕ್ಕದ ನೋಟವನ್ನು ಮೂರು ಅಳತೆಯಲ್ಲಿ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ ಕತ್ತರಿಸಿ. ಒಂದು ವಾರ ಮೇಜಿನ ಮೇಲೆ ನಿಲ್ಲಿಸಿಡಿ. ಹೋಗುತ್ತಾ ಬರುತ್ತಾ ಯಾವುದನ್ನು ಎತ್ತಿ ನೋಡುತ್ತೀರಿ ಅಂತ ಗಮನಿಸಿ, ಕೆಳಗೆ ಬರೆದು ತಿಳಿಸಿ.