ತಿಂಗಳು ನಿಂತಿತು ಅಂತ ಗುಟ್ಟಾಗಿ ಮಾತ್ರೆ ನುಂಗುವ ಮೊದಲು

ನಮಸ್ಕಾರ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಗರ್ಭಪಾತದ ವಿಷಯವನ್ನು ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. "ತೆಗೆಸಿದಳಂತೆ" ಅಂತ ಪಿಸುಗುಟ್ಟುತ್ತಾರೆ, ಅಷ್ಟೇ. ಆ ಪಿಸುಮಾತಿನ ಹೆದರಿಕೆಗೇ ಎಷ್ಟೋ ಹೆಂಗಸರು ಡಾಕ್ಟರ ಹತ್ತಿರ ಹೋಗುವುದಿಲ್ಲ.

ಹೀಗೆ ಅಂದುಕೊಳ್ಳಿ. ಪೆರ್ಲದ ಕಡೆಯ ಒಬ್ಬಾಕೆ. ಎರಡು ಮಕ್ಕಳಿದ್ದಾರೆ, ಮತ್ತೆ ತಿಂಗಳು ನಿಂತಿದೆ. ಅತ್ತೆಗೆ ಗೊತ್ತಾಗಬಾರದು. ಮೊದಲು ಬಪ್ಪಂಗಾಯಿ, ಎಳ್ಳು ತಿಂದಳು, ಏನೂ ಆಗಲಿಲ್ಲ. ಆಮೇಲೆ ಯಾರೋ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟರು.

(ಪರದೆಯ ಮೇಲೆ: ಗರ್ಭಕೋಶ ಮತ್ತು ನಾಳದ ಚಿತ್ರ)

ಮಾತ್ರೆಯೇ ವಿಷ ಅಂತ ಹೇಳುತ್ತಿಲ್ಲ. ಗರ್ಭಪಾತದ ಮಾತ್ರೆಗಳಾದ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟೋಲ್ ಎರಡನ್ನೂ ಡಾಕ್ಟರು ನೋಡಿ ಕೊಟ್ಟರೆ ಸುರಕ್ಷಿತ. ಆದರೆ ಇಲ್ಲಿ ಎಷ್ಟು ವಾರ ಆಗಿದೆ, ಗರ್ಭ ಎಲ್ಲಿ ನಿಂತಿದೆ ಅಂತ ಯಾರೂ ನೋಡಿಲ್ಲ, ಅಲ್ವಾ? ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ, ಅದು ಬೆಳೆಯುತ್ತಾ ಹೋಗಿ ನಾಳ ಒಡೆಯಬಹುದು, ಆಗ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ, ಹೊರಗೆ ಸ್ವಲ್ಪವೇ ಕಾಣುವುದರಿಂದ ಮನೆಯವರು ಸುಮ್ನೆ ಮಲಗಿಸಿಬಿಡುತ್ತಾರೆ. ಗರ್ಭಕೋಶದಲ್ಲಿ ಚೂರು ಉಳಿದರೆ ನಂಜು. ಗರ್ಭ ತೆಗೆಯಲು ಕಡ್ಡಿ ಹಾಕಿದರೆ ಗರ್ಭಕೋಶವೇ ತೂತಾಗಬಹುದು. ಬದುಕಿ ಉಳಿದರೂ ಕೆಲವರಿಗೆ ಮುಂದೆ ಮಕ್ಕಳಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ 100 ಗರ್ಭಪಾತಗಳಲ್ಲಿ ಸುಮಾರು 45 ಅಸುರಕ್ಷಿತ. ಈ ಅಸುರಕ್ಷಿತ ಗರ್ಭಪಾತಗಳಲ್ಲಿ ಶೇಕಡಾ 97 ನಡೆಯುವುದು ನಮ್ಮಂಥ ಅಭಿವೃದ್ಧಿಶೀಲ ದೇಶಗಳಲ್ಲಿ.

ನನಗೆ ಹೊಟ್ಟೆ ಉರಿಯುವುದು ಯಾಕೆ ಅಂದರೆ, ನಮ್ಮಲ್ಲಿ 1971ರಿಂದಲೇ ಸುರಕ್ಷಿತ ಗರ್ಭಪಾತಕ್ಕೆ ಕಾನೂನು ಇದೆ! 20 ವಾರದವರೆಗೆ ಒಬ್ಬ ಡಾಕ್ಟರ ಒಪ್ಪಿಗೆ ಸಾಕು. ಗರ್ಭ ತಡೆಯಲು ಮಾಡಿದ ಉಪಾಯ ಕೈಕೊಟ್ಟಿತು ಅನ್ನುವುದೂ ಕಾನೂನು ಒಪ್ಪುವ ಕಾರಣ. 2021ರ ತಿದ್ದುಪಡಿಯ ನಂತರ ಮದುವೆಯಾಗದವರಿಗೂ ಅದು ಅನ್ವಯಿಸುತ್ತದೆ. 18 ತುಂಬಿದ್ದರೆ ಅವಳ ಸಹಿ ಮಾತ್ರ ಬೇಕು, ಗಂಡನದ್ದಲ್ಲ, ಅತ್ತೆಯದ್ದಲ್ಲ. ಕಾನೂನು ಹೇಳಿದವರಿಗೆ ಬಿಟ್ಟು ಬೇರೆಯವರಿಗೆ ಡಾಕ್ಟರು ಅವಳ ಹೆಸರು ಹೇಳಿದರೆ ಅದು ಅಪರಾಧ. ಊರಲ್ಲಿ ಪರಿಚಯದವರು ಸಿಗುತ್ತಾರೆ ಅಂತ ಹಿಂಜರಿಕೆ ಇದ್ದರೆ ಮಂಗಳೂರಿಗೆ ಹೋಗಿ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೂ ಕಾನೂನು ಇದೇ.

ಈಗಾಗಲೇ ಮಾತ್ರೆ ನುಂಗಿ ಆಗಿದೆಯಾ? ಗಂಟೆಗೆ ಎರಡು ಪ್ಯಾಡ್ ತೊಯ್ದು, ಎರಡು ಗಂಟೆಯಾದರೂ ಹಾಗೇ ಇದ್ದರೆ ಕಾಯಬೇಡಿ. ಜ್ವರ, ಕೆಟ್ಟ ವಾಸನೆ, ತಡೆಯಲಾಗದ ಹೊಟ್ಟೆನೋವು, ಹೆಗಲು ನೋವು, ತಲೆಸುತ್ತು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿ ಎರಡು ಗಂಟೆಯಾಗಲಿ, 108ಕ್ಕೆ ಫೋನ್ ಮಾಡಿ. ಏನು ನುಂಗಿದಿರಿ ಅಂತ ಡಾಕ್ಟರಿಗೆ ಮುಚ್ಚಿಡಬೇಡಿ. ಖಾಲಿ ಸ್ಟ್ರಿಪ್ ಇದ್ದರೆ ಅದನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.